ಸೆಲ್ ಇಲ್ಲದ ರಿಮೋಟು

ನವೆಂಬರ್ 30, ಶನಿವಾರ

ಇವತ್ತು ಶೀತಲ್ ಒಂದು ನೋಟ್‌ಬುಕ್ ಕೊಟ್ಟು ಹೋದಳು. ಯಜಮಾನರ ಕೈಕಾಲಿಗೆ ವ್ಯಾಯಾಮ ಮಾಡಿಸಲು ದಿನ ಬಿಟ್ಟು ದಿನ ಗದಗಿನಿಂದ ಸ್ಕೂಟಿಯಲ್ಲಿ ಬರುವ ಹುಡುಗಿ. ನಮ್ಮ ಮಗಳು ಶಾಂಭವಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಮಾತು ಮಾತ್ರ ಹೆಡ್‌ಮಾಸ್ತರರದ್ದು. "ಕಾಕಿ, ದಿನಾ ಏನೇನ ಮಾಡಿಸಿದ್ರಿ, ಅವರು ಏನೇನ ಮಾಡಿದ್ರು, ಎಲ್ಲಾ ಇದರಾಗ ಬರೀರಿ. ಸುಳ್ಳ ಬರೀಬ್ಯಾಡ್ರಿ ಮತ್ತ," ಅಂದಳು. ಸುಳ್ಳು ಬರೆಯಲು ನಾನೇನು ವಕೀಲಳೇ?

ಅದರಲ್ಲಿ ಮೂರು ಸಾಲು ಬರೆದೆ. ಲಕ್ಷ್ಮೇಶ್ವರದಲ್ಲಿ ಪಿಯುಸಿ ಮುಗಿಸಿದ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಹಿಡಿದ ಮೇಲೆ ಕೈ ನಿಲ್ಲಲೊಲ್ಲದು. ನಮ್ಮ ಅಂಗಡಿಗೆ ಬಂದು ಖಾಲಿ ಬಿದ್ದಿದ್ದ ಈ ಡೈರಿ ತೆಗೆದೆ. ಅದು ಶೀತಲ್‌ಗೆ, ಇದು ನನಗೆ. ಇದನ್ನು ಯಾರೂ ಓದುವುದಿಲ್ಲ.

ದಸರೆ ಮುಗಿದ ಎರಡನೇ ದಿನ, ಅಕ್ಟೋಬರ್ ಹದಿನಾಲ್ಕಕ್ಕೆ, ಯಜಮಾನರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಬಾಯಿಂದ ಮಾತ್ರ ಒಂದಕ್ಷರ ಹೊರಡುವುದಿಲ್ಲ. ಮೂರು ತಿಂಗಳೊಳಗೆ ಏನು ಮರಳಿ ಬರುತ್ತದೋ ಅದೇ ಗಟ್ಟಿ, ಆಮೇಲೆ ಬಹಳ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅಂದರೆ ಸಂಕ್ರಾಂತಿ. ಅರ್ಧ ಆಗಲೇ ಕಳೆಯಿತು. ಎಪಿಎಂಸಿಯ ಅಡತಿ ಅಂಗಡಿಯನ್ನು ಮೈದುನ ನೋಡಿಕೊಳ್ಳುತ್ತಾನೆ. ಯಜಮಾನರನ್ನು ನೋಡಿಕೊಳ್ಳುವವಳು ನಾನು.

ಶೀತಲ್ ಹೇಳಿದ ಉಪಾಯ ಕೇಳಿ ನಗು ಬಂತು. ಟಿವಿ ರಿಮೋಟನ್ನು ಅವರ ಬಲಗೈಯಲ್ಲಿ ಇಡಬೇಕಂತೆ. ಸಂಜೆ ಎರಡು ತಾಸು ಎಡಗೈಗೆ ಉಣ್ಣೆಯ ಕಾಲುಚೀಲ ತೊಡಿಸಿ ಕಟ್ಟಬೇಕಂತೆ. ಎಡಗೈ ಕಟ್ಟಿದರೆ ಬಲಗೈ ತಾನಾಗಿ ಕೆಲಸ ಕಲಿಯುತ್ತದೆ ಅನ್ನುತ್ತಾಳೆ. "ಅಂದಪ್ಪ ಕಾಕಾಗ ಟಿವಿ ಅಂದ್ರ ಜೀವ ಅಂದಿದ್ರೆಲ್ಲ? ಆಸೆ ಇದ್ದಲ್ಲೆ ಕೈ ಬರತೈತಿ. ಮತ್ತ ದಿನಾ ಹತ್ತ ಸಲ ಹೆಸರ ಹಿಡದ ಕರೀರಿ. ತಮ್ಮ ಹೆಸರ ಕಿವಿಗೆ ಬಿದ್ರ ಮಾತು ಜಲ್ದಿ ಎಚ್ಚರ ಆಗತೈತಿ."

ರಿಮೋಟು ಇಡಬಹುದು. ಅದು ಈ ಮನೆಗೆ ಬಂದ ದಿನದಿಂದ ಅವರ ಕೈಯಲ್ಲೇ ಇತ್ತು, ಮಲಗಿದರೆ ದಿಂಬಿನ ಕೆಳಗೆ. ಧೂಳು ಹಿಡಿಯಬಾರದೆಂದು ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ್ದೂ ಅವರೇ. ಆದರೆ ಹೆಸರು ಹೇಗೆ ಕರೆಯಲಿ? ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಸವೆಯುತ್ತದೆ ಎಂದು ಅವ್ವ ಹೆದರಿಸುತ್ತಿದ್ದಳು. ಮನೆಗೆ ಯಾರು ಬಂದು ಏನು ಕೇಳಿದರೂ ಮೊದಲು ಅವರ ಮುಖ ನೋಡಿ ಆಮೇಲೆ ಉತ್ತರ ಹೇಳುವ ಹೆಂಗಸು ನಾನು. ನನ್ನ ಬಾಯಲ್ಲಿ ಅವರ ಹೆಸರೇ?

ಡಿಸೆಂಬರ್ 2, ಸೋಮವಾರ

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆಯಂತೆ, ಅದರ ಪಾಲು ಬೆಟಗೇರಿಗೂ ಬಂತು. ನಿನ್ನೆಯಿಂದ ಜಿಟಿಜಿಟಿ ಮಳೆ, ಮೇಲೆ ಕೊರೆಯುವ ಗಾಳಿ. ಚಳಿಗಾಲದ ಮಳೆ ಬೇಡದ ಬೀಗರಿದ್ದ ಹಾಗೆ, ಹೋಗುವ ಮಾತೇ ಆಡುವುದಿಲ್ಲ. ಓಣಿಯ ಕೆಸರಿನಲ್ಲಿ ಸ್ಕೂಟಿ ಜಾರಿ ಶೀತಲ್ ಬಿದ್ದು ಮೊಣಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದಾಳೆ. ಫೋನ್ ಮಾಡಿ, "ಕಾಲು, ಹವಾ ಎರಡೂ ಛಲೋ ಆಗೂಮಟ ನಾ ಬರಾಕ ಆಗೂದಿಲ್ಲ ಕಾಕಿ. ಇನ್ನ ಎಲ್ಲಾ ನಿಮ್ಮ ಕೈಯಾಗ ಐತಿ," ಅಂದಳು.

ಪಕ್ಕದ ಮನೆಯ ಅಲ್ಮಾಸಬಿ ಸಂಜೆ ಕೌದಿಯ ಗಂಟು ಹೊತ್ತು ಬಂದಳು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಅವಳ ಕೆಲಸ. ಗಾಳಿಗೆ ಅವರ ಮಾಳಿಗೆಯ ಡಿಶ್ ಸೊಟ್ಟಗಾಗಿ ಟಿವಿಯಲ್ಲಿ ಏನೂ ಬರುವುದಿಲ್ಲವಂತೆ.

ಏಳೂವರೆಗೆ ನನ್ನ ಧಾರಾವಾಹಿ. ಯಜಮಾನರು ಅಂಗಡಿಯಿಂದ ತಡವಾಗಿ ಬಂದ ದಿನ ಮಾತ್ರ ನನಗೆ ಅದು ಸಿಗುತ್ತಿತ್ತು. ಇವತ್ತು ಅವರು ಎದುರಿಗೇ ಮಂಚದ ಮೇಲೆ ಇದ್ದಾರೆ. "ಒಂದ ಅರ್ಧಾ ತಾಸು ನನ್ನ ಸೀರಿಯಲ್ ಹಚ್ಚಲೇನ್ರಿ?" ಎಂದು ಕೇಳಿದೆ. ಅವರು ಬೇಡ ಅನ್ನಲಿಲ್ಲ. ಅನ್ನಲು ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ವಾಲ್ಯೂಮ್ ಸಣ್ಣದು ಮಾಡಿ ನೋಡಿದೆ.

ಮೃದುಲಾ ಎಂಬ ಸೊಸೆಯನ್ನು ಅವಳ ಮೈದುನ ತೋಟದ ಮನೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿ ಕೂಡಿಹಾಕಿದ್ದಾನೆ. ಅವಳು ಒಳಗಿಂದ ಕುರ್ಚಿ ಬಡಿಯುತ್ತಾಳೆ, ಯಾರಿಗೂ ಕೇಳುವುದಿಲ್ಲ. ನಾನೂ ಅಲ್ಮಾಸಬಿಯೂ ಕಣ್ಣು ಒರೆಸಿಕೊಂಡೆವು.

ಡಿಸೆಂಬರ್ 4, ಬುಧವಾರ

ಇವತ್ತಿನ ಖುಷಿಯನ್ನು ಬರೆಯಲೇಬೇಕು.

ಬೆಳಗ್ಗೆಯಿಂದ ಹೆಸರು ಕರೆಯಬೇಕೆಂದು ನಾಲಿಗೆ ತುದಿಗೆ ತಂದುಕೊಂಡು ನುಂಗುತ್ತಿದ್ದೆ. "ಇಲ್ಲ್ ನೋಡ್ರಿ" ಅಂದೆ, "ಏನ್ರಿ" ಅಂದೆ, "ಶಾಂಭವಿ ಅಪ್ಪಾರ" ಅಂದೆ. ಅವರು ಮಾಳಿಗೆಯ ತೊಲೆ ನೋಡುತ್ತಲೇ ಇದ್ದರು. ಅಲ್ಮಾಸಬಿ ಸೂಜಿಗೆ ದಾರ ಪೋಣಿಸುತ್ತ, "ನಿಮ್ಮೊಳಗ ಒಡಪು ಹೇಳ್ತೀರೆಲ್ಲ, ಲಗ್ನದಾಗ? ಅದನ್ನ ಹೇಳು. ಒಡಪಿನಾಗ ಹೆಸರ ಹೇಳಿದ್ರ ತಪ್ಪಿಲ್ಲಲ್ಲ?" ಅಂದಳು. ಇಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲ ನೋಡು.

ಬಾಗಿಲು ಮುಂದೆ ಮಾಡಿ, ಸೆರಗು ಹೊದ್ದು, ಮಂಚದ ಹತ್ತಿರ ನಿಂತೆ. ಐವತ್ತೆರಡನೇ ವಯಸ್ಸಿನಲ್ಲಿ ಹೊಸ ಮದುಮಗಳ ಹಾಗೆ ಕೆನ್ನೆ ಬಿಸಿಯಾಯಿತು. "ಬೆಳ್ಳಿ ಬಟ್ಟಲದಾಗ ಬೆಲ್ಲ ಹಾಕಿದ ಹಾಲು, ಅಂದಪ್ಪನವರ ಸಂಗಾಟ ಕಟ್ಟೇತಿ ನನ್ನ ಬಾಳು." ಮೂವತ್ತೊಂದು ವರ್ಷದ ಹಿಂದೆ ಚಪ್ಪರದ ಕೆಳಗೆ ಹೇಳಿದ್ದ ಒಡಪು ಒಂದಕ್ಷರ ತಪ್ಪದೆ ಬಂತು.

ಅವರು ತಲೆ ತಿರುಗಿಸಿದರು. ನನ್ನನ್ನೇ ನೋಡಿದರು. ಎಡ ತುಟಿ ಸ್ವಲ್ಪ ಮೇಲೆದ್ದಿತು, ಬಲಗೈಯ ಹೆಬ್ಬೆರಳು ರಿಮೋಟಿನ ಮೇಲೆ ಜರುಗಿತು. ಜರುಗಿದ್ದನ್ನು ಇಬ್ಬರೂ ಕಂಡೆವು. ನನಗೆ ದುಃಖವೋ ಸಂತೋಷವೋ ತಿಳಿಯದೆ ಅಳು ಬಂತು. ಶೀತಲ್ ಫೋನಿನಲ್ಲಿ, "ಇದ ಸುರುವಾತು ಕಾಕಿ, ಇನ್ನ ಬಿಡಬ್ಯಾಡ್ರಿ," ಅಂದಳು.

ಡಿಸೆಂಬರ್ 6, ಶುಕ್ರವಾರ

ಒಡಪು ದಿನಕ್ಕೆ ಹತ್ತು ಸಲ. ಬಿಸಿ ಎಳ್ಳೆಣ್ಣೆ ಹಚ್ಚಿ ಒಂದೊಂದೇ ಬೆರಳು ತಿಕ್ಕುವುದು ದಿನಕ್ಕೆ ಮೂರು ಸಲ. ನನ್ನ ರಟ್ಟೆ ಬಿದ್ದುಹೋಗಿದೆ, ಆದರೂ ಬೇಸರವಿಲ್ಲ. ಅವರ ಹೆಬ್ಬೆರಳು ಈಗ ಬಟನ್ ಮೇಲೆ ಬಂದು ಕೂರುತ್ತದೆ, ಒತ್ತಲು ಮಾತ್ರ ಬಲ ಸಾಲದು. ಸಂಕ್ರಾಂತಿಯೊಳಗೆ ತಾವೇ ತುತ್ತು ಎತ್ತಿ ಉಣ್ಣುತ್ತಾರೆಂದು ಶೀತಲ್ ಹೇಳುತ್ತಾಳೆ. ಮಳೆ ನಿಂತಿಲ್ಲ. ಹಿಂಗಾರಿನ ಕಡಲೆಗೆ ರೋಗ ಬೀಳುತ್ತದೆ ಎಂದು ಮೈದುನ ಗೊಣಗಿ ಹೋದ.

ಮೃದುಲಾಳ ಗಂಡನಿಗೆ ಕೊನೆಗೂ ತೋಟದ ಮನೆಯ ಸುಳಿವು ಸಿಕ್ಕಿದೆ. ಕೀಲಿ ಅವನ ಕೈಯಲ್ಲಿದೆ. ಅಲ್ಲಿಗೇ ನಿಲ್ಲಿಸಿದರು, ಇನ್ನು ಸೋಮವಾರವೇ. ಎರಡು ದಿನ ಹೇಗೆ ಕಳೆಯಲಿ?

ಡಿಸೆಂಬರ್ 9, ಸೋಮವಾರ

ಬಾಗಿಲು ತೆರೆಯುವ ದಿನವೆಂದು ಅಡುಗೆ ಐದಕ್ಕೇ ಮುಗಿಸಿದ್ದೆ. ಅವರ ಎಡಗೈಗೆ ಕಾಲುಚೀಲ ಕಟ್ಟಿ, ಬಲಗೈಯಲ್ಲಿ ರಿಮೋಟು ಇಟ್ಟು, ಅಲ್ಮಾಸಬಿಯ ಪಕ್ಕ ಕುಳಿತೆ. ಗಂಡ ಕೀಲಿ ಹಾಕಿದ, ತಿರುಗಿಸಿದ, ಬಾಗಿಲ ಸಂದಿಯಿಂದ ಬೆಳಕು ಬಿತ್ತು. ಅಷ್ಟರಲ್ಲಿ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಬಂದು ಒಣಮೆಣಸಿನಕಾಯಿಯ ಪೇಟೆ ಧಾರಣೆ ಹೇಳತೊಡಗಿದ.

"ಅಯ್ಯ, ಒತ್ತಿದ್ರಲ್ಲ! ಖರೆ ಒತ್ತಿದ್ರು!" ಎಂದು ಅಲ್ಮಾಸಬಿ ಕೌದಿ ಬಿಟ್ಟು ಎದ್ದಳು. ನಾನೂ ಎದ್ದೆ, ರಿಮೋಟು ಕಿತ್ತುಕೊಳ್ಳಲು. ಅವರ ಬೆರಳು ಬಿಡಲಿಲ್ಲ. ಇಷ್ಟು ದಿನ ಒಂದು ಚಮಚ ಹಿಡಿಯದ ಬೆರಳು. ಬಿಡಿಸಿ ನನ್ನ ಚಾನೆಲ್ ಹಚ್ಚುವಷ್ಟರಲ್ಲಿ ಸಾಬೂನಿನ ಜಾಹೀರಾತು ಬರುತ್ತಿತ್ತು. ತಿರುಗಿ ನೋಡಿದರೆ ಅವರ ಎಡ ತುಟಿ ಮೇಲೆದ್ದಿದೆ.

ಆ ನಗು ನನಗೆ ಗೊತ್ತು. ಹಿಂದೊಮ್ಮೆ ಐದು ವರ್ಷ ನೋಡಿದ ಒಂದು ಧಾರಾವಾಹಿಯ ಕೊನೆಯ ಕಂತು. ಅವರು ಬಂದರು, ಚಪ್ಪಲಿ ಬಿಟ್ಟರು, ಕುಳಿತರು, ಚಾನೆಲ್ ಬದಲಿಸಿದರು. "ಹತ್ತ ನಿಮಿಷ್ರಿ, ಇವತ್ತ ಮುಗೀತೈತಿ," ಅಂದಿದ್ದೆ. ಆಗ ನಕ್ಕದ್ದು ಇದೇ ನಗು. ಆ ಕಥೆ ಏನಾಯಿತೆಂದು ನನಗೆ ಇವತ್ತಿಗೂ ತಿಳಿಯದು. ಮೂವತ್ತೊಂದು ವರ್ಷ ಬೇರೆ ಏನೇನು ಮರೆತರೂ ಆ ಹತ್ತು ನಿಮಿಷ ಮರೆತಿಲ್ಲ.

ದೇವರು ಕೊಟ್ಟ ಮೊದಲ ಬಲದಲ್ಲಿ ಮನುಷ್ಯ ಮಾಡಿದ ಮೊದಲ ಕೆಲಸ ಇದು.

ಶೀತಲ್ ಫೋನ್ ಮಾಡಿದಾಗ, "ಇವತ್ತೇನೂ ವಿಶೇಷ ಇಲ್ಲವಾ," ಅಂದೆ. ನೋಟ್‌ಬುಕ್ಕಿನಲ್ಲೂ ಹಾಗೇ ಬರೆದೆ.

ಡಿಸೆಂಬರ್ 10, ಮಂಗಳವಾರ

ಬೆಳಗ್ಗೆ ಮರುಪ್ರಸಾರದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ತೋಟದ ಮನೆಯ ಬಾಗಿಲು ತೆರೆದರೆ ಒಳಗೆ ಬರೀ ಕುರ್ಚಿ ಇತ್ತಂತೆ, ಮೃದುಲಾಳನ್ನು ಆಗಲೇ ಬೇರೆ ಕಡೆ ಸಾಗಿಸಿದ್ದರಂತೆ. ಅಲ್ಮಾಸಬಿ ಯಾರನ್ನೋ ಕೇಳಿಕೊಂಡು ಬಂದು ಹೇಳಿದಳು. ಹೇಳಿದ್ದು ಬೇರೆ, ನೋಡಿದ್ದು ಬೇರೆ.

ಮಳೆಯಲ್ಲೇ ಛತ್ರಿ ಹಿಡಿದು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಹೊಸ ರಿಮೋಟು ತಂದೆ. ಹಳೆಯದರಿಂದ ಎರಡು ಸೆಲ್ ತೆಗೆದು ಅರಿಷಿಣದ ಡಬ್ಬಿಯ ಹಿಂದೆ ಇಟ್ಟೆ. ಅದೇ ಪ್ಲಾಸ್ಟಿಕ್ ಚೀಲ, ಅದೇ ರಬ್ಬರ್. ಅಭ್ಯಾಸಕ್ಕೆ ಸೆಲ್ ಯಾತಕ್ಕೆ? ಹೆಬ್ಬೆರಳಿಗೆ ಕೆಲಸ ಆದರೆ ಸಾಕು. ಹೊಸ ರಿಮೋಟು ನನ್ನ ಸೆರಗಿನ ಕೆಳಗೆ ಇರುತ್ತದೆ.

ಡಿಸೆಂಬರ್ 13, ಶುಕ್ರವಾರ

ಅಂದಪ್ಪನವರು ಒತ್ತುತ್ತಲೇ ಇದ್ದಾರೆ. ಈಗ ಒಡಪು ಬಿಟ್ಟಿದ್ದೇನೆ. ಹಾಲು, ಬೆಲ್ಲ, ಬೆಳ್ಳಿ ಬಟ್ಟಲು ಎಂದು ಹತ್ತು ಸಲ ಹಾಡುತ್ತ ಕೂತರೆ ನನ್ನ ಕೆಲಸ ಯಾರು ಮಾಡಬೇಕು? "ಅಂದಪ್ಪನವರ, ಒತ್ರಿ," ಅನ್ನುತ್ತೇನೆ. ಅವರು ಒತ್ತುತ್ತಾರೆ, ಬಟನ್ ಕಟ್ ಅನ್ನುತ್ತದೆ. ಟಿವಿ ನೋಡುತ್ತಾರೆ. ಟಿವಿಯಲ್ಲಿ ಮೃದುಲಾಳ ಅತ್ತೆ ಇದ್ದವಳು ಇದ್ದ ಹಾಗೇ ಇರುತ್ತಾಳೆ. ಆಮೇಲೆ ತಮ್ಮ ಹೆಬ್ಬೆರಳನ್ನು ನೋಡಿಕೊಳ್ಳುತ್ತಾರೆ. ಅದು ಇನ್ನಾರದೋ ಬೆರಳು ಎಂಬ ಹಾಗೆ ಬಹಳ ಹೊತ್ತು ನೋಡುತ್ತಾರೆ.

ಮಳೆ ಎರಡು ದಿನ ನಿಂತಿತ್ತು, ಮತ್ತೆ ಶುರು. ಹಗಲೇ ದೀಪ ಹಚ್ಚುವಷ್ಟು ಮಬ್ಬು. ಮಧ್ಯಾಹ್ನದ ಸಿನಿಮಾ ಕೂಡ ನೋಡತೊಡಗಿದ್ದೇನೆ.

ಡಿಸೆಂಬರ್ 15, ಭಾನುವಾರ

ಶಾಂಭವಿ ನಾಗಾವಿಯಿಂದ ಬಂದಿದ್ದಳು. ಅಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದಾಳೆ, ಪರೀಕ್ಷೆ ನಡೆದಿದೆ. ಅಪ್ಪನ ತೊಡೆಯ ಮೇಲೆ ಕೈಯಿಟ್ಟು, "ಅಪ್ಪಾ, ಒಂದ ಸಲ ಒತ್ತಿ ತೋರಸು. ನಿನ್ನ ಚಾನೆಲ್ ಹಚ್ಚು," ಅಂದಳು. ಅವರು ಒತ್ತಿದರು. ಏನೂ ಆಗಲಿಲ್ಲ. ಮಗಳ ಎದುರಿಗೆ ಅತ್ತುಬಿಟ್ಟರು. "ಇನ್ನೂ ಶಕ್ತಿ ಬಂದಿಲ್ಲವಾ, ನೀ ಅವರಿಗೆ ತ್ರಾಸ ಕೊಡಬ್ಯಾಡ," ಅಂದೆ. ಹೋಗುವಾಗ ಹುಡುಗಿ ನನ್ನನ್ನು ಅಪ್ಪಿಕೊಂಡು, "ಅವ್ವಾ, ನೀ ದೇವರಂಥಾಕಿ. ಇಷ್ಟ ಮಾಡಾಕತ್ತೀದಿ, ನಿನಗ ಒಂದ ಛಲೋ ಮಾತ ಆಡಿದ್ದ ಮನುಷ್ಯಾ ಅಲ್ಲ ಅಂವ," ಅಂದಳು. ಹಾಗನ್ನಬಾರದೆಂದು ಬೈದೆ. ಆದರೆ ಮನಸ್ಸಿಗೆ ತಂಪಾಯಿತು.

ಅವಳು ಹೋದ ಮೇಲೆ ನನ್ನ ಅವ್ವ ತೀರಿಕೊಂಡ ದಿನದ ನೆನಪು. ಲಕ್ಷ್ಮೇಶ್ವರದಿಂದ ತಮ್ಮ ಫೋನ್ ಮಾಡಿ, "ಅವ್ವನ ಉಸಿರ ಮ್ಯಾಲ ಹತ್ತೇತಿ, ಜಲ್ದಿ ಬಾ," ಅಂದಿದ್ದ. ಇವರು ಏನೋ ದೊಡ್ಡ ಮ್ಯಾಚ್ ನೋಡುತ್ತಿದ್ದರು. "ಮುಗೀಲಿ, ಇನ್ನ ಆರ ಓವರ್ ಐತಿ," ಅಂದರು. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆರು ಓವರ್ ಮುಗಿಯಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ನಾವು ಮುಟ್ಟುವ ಅರ್ಧ ತಾಸು ಮೊದಲು ಅವ್ವ ಕಣ್ಣು ಮುಚ್ಚಿದ್ದಳು.

ಡಿಸೆಂಬರ್ 19, ಗುರುವಾರ

ಕೊಲ್ಲಿಯಲ್ಲಿ ಇನ್ನೊಂದು ಚಂಡಮಾರುತವಂತೆ. ಕಿಟಕಿ ಸಂದಿಯಿಂದ ಗಾಳಿ ಶಿಳ್ಳೆ ಹೊಡೆಯುತ್ತದೆ.

ಶೀತಲ್ ಫೋನಿನಲ್ಲಿ, "ಇಷ್ಟ ದಿನ ಆದ್ರೂ ಏನೂ ಇಲ್ಲ ಅಂದ್ರ ಹೆಂಗ ಕಾಕಿ? ಬ್ಯಾರೆ ಯಾರನರ ಕಳಸಲೇನ?" ಎಂದು ಕೇಳಿದಳು. "ಬ್ಯಾಡವಾ, ಹೊಸಬರನ್ನ ಕಂಡ್ರ ಅವರು ಅಂಜತಾರ," ಅಂದೆ. "ಕಾಲುಚೀಲಾ ಕಟ್ಟತೀರಿಲ್ಲ?" ಅಂದಳು. ಕಟ್ಟುತ್ತೇನೆ. ಎರಡು ತಾಸಿನ ಲೆಕ್ಕ ಯಾರು ಇಡುತ್ತಾರೆ, ಈಗ ಬೆಳಗ್ಗೆ ಕಟ್ಟಿದರೆ ಮಲಗುವಾಗ ಬಿಚ್ಚುತ್ತೇನೆ. ಎಡಗೈ ಬಿಟ್ಟರೆ ಸುಮ್ಮನಿರುವುದಿಲ್ಲ, ಹೊದಿಕೆ ಎಳೆಯುತ್ತದೆ, ಗೋಡೆ ಬಡಿಯುತ್ತದೆ, ನನ್ನ ಸೆರಗು ಜಗ್ಗುತ್ತದೆ.

ಮಧ್ಯಾಹ್ನ ಸಿನಿಮಾದ ಹೊತ್ತಿಗೆ ಅಂದಪ್ಪ ಹಾಸಿಗೆ ಒದ್ದೆ ಮಾಡಿಕೊಂಡ. ನಾಯಕಿಗೆ ಗಲ್ಲು ಶಿಕ್ಷೆ ಆಗುವುದೋ ಬಿಡುವುದೋ ಅನ್ನುವ ಹೊತ್ತು. ಅವನು ಗಂಟಲಲ್ಲಿ ಏನೋ ಸಪ್ಪಳ ಮಾಡಿದ. ಅಲ್ಮಾಸಬಿ, "ಅವರಿಗೆ ಏನೋ ಬೇಕಾಗೇತಿ ನೋಡು," ಅಂದಳು.

"ಮುಗೀಲಿ," ಅಂದೆ, "ಇನ್ನ ಆರ ಓವರ್ ಐತಿ."

"ಇದೇನ ಮ್ಯಾಚೇನ ಕಸ್ತೂರವ್ವಾ?" ಎಂದು ಅಲ್ಮಾಸಬಿ ನಕ್ಕಳು. ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾದವನಿಗೆ ತಿಳಿಯಿತು, ಸಪ್ಪಳ ನಿಲ್ಲಿಸಿದ. ಸಿನಿಮಾ ಪೂರ್ತಿ ನೋಡಿಯೇ ಎದ್ದೆ. ನಾಯಕಿ ಬದುಕಿದಳು.

ಡಿಸೆಂಬರ್ 23, ಸೋಮವಾರ

ಇವತ್ತು ಒಂದು ತಮಾಷೆ ಮಾಡಿದೆ. ಎಷ್ಟು ವರ್ಷವಾಗಿತ್ತೋ ಹೀಗೆ ನಕ್ಕು.

ಅಂದಪ್ಪ ಈಚೆಗೆ ಒತ್ತುವುದು ಕಡಿಮೆ ಮಾಡಿದ್ದ. "ಏ ಅಂದಪ್ಪಾ, ಒತ್ತು," ಅಂದೆ. ಅವನು ಒತ್ತುವುದಕ್ಕೂ ನಾನು ಸೆರಗಿನ ಕೆಳಗೆ ನನ್ನ ರಿಮೋಟು ಒತ್ತುವುದಕ್ಕೂ ಸರಿಹೋಯಿತು. ಪೇಟೆ ಧಾರಣೆಯ ಚಾನೆಲ್ ಬಂತು. ಅವನ ಮುಖ ನೋಡಬೇಕಿತ್ತು. ಕಣ್ಣು ಇಷ್ಟಗಲ ತೆರೆದ. ಮತ್ತೆ ಒತ್ತಿದ, ಮತ್ತೆ ಬದಲಿಸಿದೆ. ಮೂರು, ನಾಲ್ಕು. ಬಾಯಿ ತೆರೆದು "ಹಾ, ಹಾ" ಅಂದ. ಲಕ್ವಾ ಹೊಡೆದ ಮೇಲೆ ಅವನ ಬಾಯಿಂದ ಬಂದ ಮೊದಲ ಅಕ್ಷರ ಇರಬೇಕು. ಐದನೇ ಸಲಕ್ಕೆ ನಾನು ಕೈ ಬಿಟ್ಟೆ. ಅವನು ಒತ್ತಿದ, ಒತ್ತಿದ, ಹಲ್ಲು ಕಚ್ಚಿ ಒತ್ತಿದ. ಹಣೆಯಲ್ಲಿ ಬೆವರು ಬಂತು, ಇಂಥ ಚಳಿಯಲ್ಲಿ. ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು.

ಅಲ್ಮಾಸಬಿ ನನ್ನ ಸೆರಗಿನ ಕಡೆ ನೋಡುತ್ತಿದ್ದಳು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ಕಸ್ತೂರವ್ವಾ, ಇದು ಛಲೋ ಅಲ್ಲ."

"ಸುಮ್ನ ಆಟಾ. ಮಕ್ಕಳಿಗೆ ಆಡಸೂದಿಲ್ಲೇನ?"

"ಮಕ್ಕಳಿಗೆ ಹಿಂಗ ಆಡಸೂದಿಲ್ಲ. ಅವರ ಕಣ್ಣಾಗ ನೀರ ಅದಾವ ನೋಡು."

"ಚಳಿಗೆ ಬರ್ತಾವ," ಅಂದೆ.

ನಮ್ಮ ಮನೆಯ ಹಿತ ಚಿಂತಿಸಲು ಬಂದಿದ್ದಾಳೆ. ಇಪ್ಪತ್ತು ವರ್ಷ ಗೋಡೆಯ ಆಚೆ ಇದ್ದು ಅವನು ನನ್ನನ್ನು ಬೈಯುವುದನ್ನು ಕೇಳಿದವಳು ಇವಳೇ. ಆಗ ಒಂದು ದಿನ ಬಂದು ಛಲೋ ಅಲ್ಲ ಅಂದಿದ್ದಳೇ?

ಡಿಸೆಂಬರ್ 26, ಗುರುವಾರ

ಅಲ್ಮಾಸಬಿ ಮೂರು ದಿನದಿಂದ ಬಂದಿಲ್ಲ. ಬಾಗಿಲಲ್ಲಿ ಸಿಕ್ಕಾಗ ಕೇಳಿದರೆ, "ನಮ್ಮನಿ ಟಿವಿ ಛಲೋ ಆತು," ಅಂದಳು. ಅವರ ಡಿಶ್ ಇನ್ನೂ ಸೊಟ್ಟಗೇ ಇದೆ, ನಮ್ಮ ಕಿಟಕಿಯಿಂದ ಕಾಣುತ್ತದೆ. ಹೋಗಲಿ. ಎರಡು ಕಪ್ ಚಹಾ ಉಳಿಯಿತು.

ಡಿಸೆಂಬರ್ 30, ಸೋಮವಾರ

ಎಳ್ಳ ಅಮಾವಾಸ್ಯೆ. ಮೈದುನನ ಮನೆಯವರೆಲ್ಲ ಅಸುಂಡಿಯ ಹೊಲಕ್ಕೆ ಎಡೆ ಒಯ್ದು ಚರಗ ಚೆಲ್ಲಲು ಹೋಗಿದ್ದರು. ಬರುವಾಗ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ ಕಟ್ಟಿಕೊಂಡು ತಂದರು. ಎಣ್ಣೆಗಾಯಿ ಅಂದ್ಯಾನಿಗೆ ಬಹಳ ಇಷ್ಟ. ಅವನ ಎದುರಿಗೇ ಕುಳಿತು ಉಂಡೆ. ಅವನಿಗೆ ಗಂಜಿಯೇ ಸರಿ, ಖಾರ ಗಂಟಲಿಗೆ ಹತ್ತಿದರೆ ಯಾರು ಜವಾಬ್ದಾರಿ?

ಸಂಜೆ ಬಿರುಗಾಳಿಗೆ ಕಿಟಕಿಯ ಕೊಂಡಿ ಕಳಚಿ ಬಾಗಿಲು ತೆರೆದುಕೊಂಡಿತು. ಅವನ ಹೊದಿಕೆಯೂ ಜಾರಿತ್ತು. ಎಡಗೈಗೆ ಕಾಲುಚೀಲ ಇದ್ದುದರಿಂದ ಎಳೆದುಕೊಳ್ಳಲು ಬರಲಿಲ್ಲ. ಟಿವಿಯಲ್ಲಿ ಮೃದುಲಾ ಬಾಯಿಯ ಬಟ್ಟೆ ಜಾರಿಸಿಕೊಂಡು ಕಿಟಕಿಯಿಂದ ದಾರಿಹೋಕನನ್ನು ಕೂಗುತ್ತಿದ್ದಳು, ಆ ದಾರಿಹೋಕನಿಗೆ ಕಿವಿ ಕೇಳದು. ಆ ಹುಡುಗಿಯ ಪಾಡು ನೋಡಿ ನನ್ನ ಕರುಳು ಕಿತ್ತುಬಂತು. ಅಷ್ಟರಲ್ಲಿ ಹಿಂದಿನಿಂದ ಒಂದು ಸಪ್ಪಳ. "ಕಸ್... ತೂ... ರಿ."

ಹಾಗೆ ಕೇಳಿಸಿತು. ಎರಡು ಸಲ ಕೇಳಿಸಿತು. ಮೂವತ್ತೊಂದು ವರ್ಷದಲ್ಲಿ ನನ್ನನ್ನು "ಏ" ಅಂದದ್ದುಂಟು, "ಕಿವಿ ಕೇಳಸೂದಿಲ್ಲೇನ" ಅಂದದ್ದುಂಟು, ಹೆಸರು ಹಿಡಿದು ಕರೆದವನಲ್ಲ ಅವನು. ಈಗೇಕೆ ಕರೆಯುತ್ತಾನೆ? ಕಿಟಕಿಯ ಕೊಂಡಿ ಸಪ್ಪಳ ಮಾಡಿರಬೇಕು. ನಾನು ವಾಲ್ಯೂಮ್ ಏರಿಸಿದೆ.

ನೋಟ್‌ಬುಕ್: ಏನೂ ವಿಶೇಷ ಇಲ್ಲ.

ಜನವರಿ 3, ಶುಕ್ರವಾರ

ಮೂಗು ಕಟ್ಟಿದೆ ಅವನಿಗೆ. ಸಪ್ಪಳ ಇಲ್ಲ.

ಜನವರಿ 8, ಬುಧವಾರ

ಮಳೆ ಹೋಗಿ ಬರೀ ಚಳಿ ಉಳಿದಿದೆ. ರಿಮೋಟು ಕೈಯಲ್ಲಿಟ್ಟರೂ ಅಂದ್ಯಾ ಒತ್ತುವುದಿಲ್ಲ. "ಒತ್ತಲೇ" ಎಂದರೆ ನನ್ನ ಮುಖ ನೋಡುತ್ತಾನೆ. ಬೆರಳು ಬಿಗಿದುಕೊಳ್ಳುತ್ತಿವೆ, ಎಣ್ಣೆ ಹಚ್ಚಿ ತಿಕ್ಕಬೇಕು. ನಾಳೆಯಿಂದ ಮತ್ತೆ ಶುರು ಮಾಡಬೇಕು. ಮಧ್ಯಾಹ್ನ ಎರಡು ಸಿನಿಮಾ ಒಂದರ ಹಿಂದೊಂದು ಹಾಕುತ್ತಾರೆ, ಹೊತ್ತೇ ಸಿಗುವುದಿಲ್ಲ.

ಮನೆ ಎಷ್ಟು ಶಾಂತವಾಗಿದೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಒಂದೂವರೆ ತಿಂಗಳ ಮೇಲೆ ಚುರುಕಾದ ಬಿಸಿಲು ಬಿತ್ತು. ಶಾಂಭವಿ ಬೆಳಗ್ಗೆಯೇ ಬಂದು ಬೆಲ್ಲದ ಮಾದ್ಲಿಗೆ ಗೋಧಿ ರೊಟ್ಟಿ ಪುಡಿ ಮಾಡಿದಳು. ಸಂಜೆ ಶೀತಲ್ ಬಂದಳು, ಕಾಲು ಇನ್ನೂ ಸ್ವಲ್ಪ ಎಳೆಯುತ್ತಾಳೆ.

ಅಂದಪ್ಪನ ಕೈ ಹಿಡಿದು, ಬೆರಳು ಬಿಡಿಸಿ, ಭುಜ ಎತ್ತಿ, ಬಹಳ ಹೊತ್ತು ನೋಡಿದಳು. ಮುಖ ಸಣ್ಣದಾಯಿತು. "ಕಾಕಿ, ಕೈ ಪೂರಾ ಬಿಗದೈತಿ. ನಾ ಮೊದಲ ಬಂದಾಗ ಹಿಂಗ ಇರಲಿಲ್ಲ. ದಿನಾ ಮಾಡಸ್ತಿದ್ರಿಲ್ಲ?"

"ದಿನಾ," ಅಂದೆ.

"ಹೆಸರ ಹಿಡದ ಕರೀತಿದ್ರಿ?"

"ದಿನಾ ಕರೀತೀನಿ." ಇದರಲ್ಲಿ ಸುಳ್ಳಿಲ್ಲ.

ದಿಂಬಿನ ಪಕ್ಕದ ಹಳೆ ರಿಮೋಟು ಎತ್ತಿದಳು. ಕೈಯಲ್ಲಿ ತೂಗಿದ ಹಾಗೆ ಮಾಡಿ, ಪ್ಲಾಸ್ಟಿಕ್ ಬಿಚ್ಚಿ, ಹಿಂದಿನ ಮುಚ್ಚಳ ತೆಗೆದಳು. "ಇದರಾಗ ಸೆಲ್ಲ ಇಲ್ಲಲ್ಲ?"

"ತೀರಿದ್ವು, ನಿನ್ನೆ ತಗದೆ. ಹೊಸಾವ ತರಬೇಕು."

ಶೀತಲ್ ನನ್ನ ಮುಖ ನೋಡಿದಳು. ಆಮೇಲೆ ನನ್ನ ಮಡಿಲಲ್ಲಿದ್ದ ಹೊಸ ರಿಮೋಟನ್ನು ನೋಡಿದಳು. ಕೈ ಚಾಚಿ ಅದನ್ನು ತೆಗೆದುಕೊಂಡು, ಅದರ ಎರಡು ಸೆಲ್ ತೆಗೆದು ಹಳೆಯದಕ್ಕೆ ಹಾಕಿ, ಅಂದಪ್ಪನ ಬಲಗೈಯಲ್ಲಿ ಇಟ್ಟಳು. ಎಡಗೈಯ ಕಾಲುಚೀಲ ತಾನೇ ಬಿಚ್ಚಿದಳು. ಮುಂಗೈ ಮೇಲೆ ದಾರದ ಗುರುತು ಕಪ್ಪಗೆ ಕೂತಿತ್ತು.

ಏಳೂವರೆ ಆಗಿತ್ತು. ಧಾರಾವಾಹಿಯ ಹಬ್ಬದ ವಿಶೇಷ ಕಂತು, ಇವತ್ತು ಮೃದುಲಾ ಸಿಗುವ ದಿನ. ಪೊಲೀಸರು ಬಾಗಿಲು ಒಡೆಯುತ್ತಿದ್ದರು. ಈಗ ಒತ್ತಿದರೆ ಬದಲಾಗುತ್ತದೆ. ನನ್ನ ಕೈಯಲ್ಲಿರುವುದು ಸತ್ತ ರಿಮೋಟು.

"ಕಾಕಾ, ಒತ್ರಿ. ನಿಮಗ ಏನ ಬೇಕ ಅದನ್ನ ಹಚ್ರಿ. ಒಂದ ಸಲ," ಅಂದಳು ಶೀತಲ್. ಶಾಂಭವಿ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು.

ಅಂದಪ್ಪ ಮೊದಲು ನನ್ನ ಮುಖ ನೋಡಿದ. ಆಮೇಲೆ ಟಿವಿ ನೋಡಿದ. ಮತ್ತೆ ನನ್ನ ಮುಖ ನೋಡಿದ. ಹೆಬ್ಬೆರಳನ್ನು ಬಟನ್ ಮೇಲಿಂದ ಸರಿಸಿದ. ಬಿಗಿದ ಕೈಗೆ ಎಡಗೈಯ ಆಸರೆ ಕೊಟ್ಟು, ನಡುಗುತ್ತ, ಇಂಚಿಂಚೇ ತಳ್ಳಿ ರಿಮೋಟನ್ನು ನನ್ನ ಕಡೆ ಚಾಚಿದ. ತಲೆ ತಗ್ಗಿಸಿದ.

"ಅಯ್ಯ, ಅವ್ವನ ಕೈಯಾಗ ಕೊಡಾಕತ್ತಾನ ನೋಡ್ರಿ," ಎಂದು ಶಾಂಭವಿ ಅತ್ತಳು. "ಅಪ್ಪ ಒಮ್ಮೆರೆ ಅವ್ವಗ ರಿಮೋಟ ಕೊಟ್ಟದ್ದ ನಾ ನೋಡಿದ್ದಿಲ್ಲ." ಶೀತಲ್ ಮಾತ್ರ ಅಳಲಿಲ್ಲ. ಅವನ ಮುಂಗೈಯ ಗುರುತನ್ನು ತಿಕ್ಕುತ್ತ, "ಮಾತ ಏನರ ಬಂದಿತ್ತೇನ್ರಿ ಕಾಕಿ, ನಡುವ?" ಎಂದು ಕೇಳಿದಳು.

"ಇಲ್ಲವಾ," ಅಂದೆ. ಅವನು ಇಲ್ಲವೆಂದು ತಾನೂ ತಲೆಯಾಡಿಸಿದ.

ರಿಮೋಟು ತೆಗೆದುಕೊಂಡೆ. ಹುಡುಗಿಯರಿಬ್ಬರೂ ಒಳಗೆ ಚಹಾಕ್ಕೆ ಹೋದರು, ಏನೋ ಪಿಸುಗುಟ್ಟುತ್ತಿದ್ದರು. ನಾನು ಹೋಗಲಿಲ್ಲ. ಬಾಗಿಲು ಒಡೆಯಿತು, ಮೃದುಲಾಳ ಬಾಯಿಯ ಬಟ್ಟೆ ಬಿಚ್ಚಿದರು, ಅವಳು ಮೊದಲ ಸಲ ಗಂಡನ ಹೆಸರು ಹಿಡಿದು ಕರೆದಳು. ನನಗೆ ಅಳು ತಡೆಯಲಾಗಲಿಲ್ಲ. ತಿರುಗಿ ನೋಡಿದರೆ ಅಂದಪ್ಪನ ಕಣ್ಣಲ್ಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. ಕೊನೆಗೂ ಅವನಿಗೆ ಧಾರಾವಾಹಿಯ ರುಚಿ ಹತ್ತಿದೆ.